ಅರಿಸಿನ ಹಚ್ಚಿ ನೆಟ್ಟ ಕಳೆ

ಕೀರೆಕಲ್ಲು ಪೋಡು,
2163, ಬೇಸಿಗೆಯ ಆರನೆಯ ತಿಂಗಳು

ಇನ್ನೂ ಕಳೆಯ ಒಲೆ ಹೊತ್ತಿಸದ, ನನಗಿಂತ ಮುಂಚಿನ ಹಿರಿಯರಿಗೆ ಕೇತಮ್ಮನ ನಮಸ್ಕಾರ. ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲವೆಂದು ಬಲ್ಲೆ. ಆದರೂ ಯಾರಿಗಾದರೂ ಹೇಳಲೇಬೇಕು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅಕ್ಷರವೂ ಸೊಟ್ಟಗಿದೆ, ಎಡಗೈ ಟ್ಯಾಂಕಿನ ವಾಲ್ವಿನ ಹಿಡಿಯ ಮೇಲಿದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಎರಡು ಗುಡ್ಡದಾಚೆ ಕಾಡು ಉರಿಯುತ್ತಿದೆ. ಬೆಂಕಿ ಬರುವ ಮೊದಲು ಈ ಟ್ಯಾಂಕಿನ ನೀರ್ಗಾಳಿಯನ್ನೆಲ್ಲ ಎತ್ತರದ ಕೊಳವೆಯಿಂದ ಆಕಾಶಕ್ಕೆ ಬಿಡಬೇಕು. ಮಾಪಕದ ಮುಳ್ಳು ನಲವತ್ತರಲ್ಲಿದೆ, ಸೊನ್ನೆಗೆ ಇಳಿದರೆ ಟ್ಯಾಂಕು ಖಾಲಿ.

ನೀರ್ಗಾಳಿ ಅಂದರೆ ನಿಮ್ಮ ಹೈಡ್ರೋಜನ್. ಉರಿದರೆ ಹೊಗೆಯಿಲ್ಲ, ಉಳಿಯುವುದು ನೀರು ಮಾತ್ರ, ಅದಕ್ಕೇ ಆ ಹೆಸರು. ಕಾಡನ್ನು ನುಂಗಿದ್ದ ಲಂಟಾನವನ್ನು ಬೇರುಸಹಿತ ಕಿತ್ತು, ಒಣಗಿಸಿ, ಗಾಳಿಯಾಡದ ಒಲೆಯಲ್ಲಿ ಕಾಯಿಸಿ ಉಗಿ ಹಾಯಿಸಿದರೆ ಅದು ಹೊರಬರುತ್ತದೆ. ಆಸ್ಪತ್ರೆಯ ದೀಪ, ಶಾಲೆಯ ಬಸ್ಸು, ಮನೆಮನೆಯ ಸ್ಟೌ ಎಲ್ಲ ಅದರಲ್ಲೇ ನಡೆದವು. ಒಲೆಯ ಇದ್ದಿಲು ರಾಗಿ ಹೊಲಕ್ಕೆ ಹೋಯಿತು. ಕಿತ್ತಲ್ಲೆಲ್ಲ ಹುಲ್ಲು ಬಂತು, ನೆಲ್ಲಿ ಚಿಗುರಿತು, ಕಾಟಿಗಳು ಮೇಯಲು ತಿರುಗಿ ಬಂದವು. ಅಯ್ಯೋ, ಎಂಥ ಒಳ್ಳೆಯ ಕಾಲವಂತೆ ಅದು!

ಆಮೇಲೆ ಕಳೆ ಮುಗಿಯಿತು. ಹಬ್ಬ ಮಾಡಬೇಕಿತ್ತು, ನಮ್ಮವರು ಅತ್ತರು. ಒಲೆ ಆರಿಹೋಗುತ್ತದಲ್ಲ ಎಂದು ಸಭೆ ಸೇರಿ, ಒಂದೇ ಒಂದು ಇಳಿಜಾರಿನಲ್ಲಿ ಲಂಟಾನ ಬೆಳೆಯೋಣ ಎಂದರು. ಮೊದಲ ಕಡ್ಡಿಯನ್ನು ಅರಿಸಿನ ಕುಂಕುಮ ಹಚ್ಚಿ ನೆಟ್ಟವಳು ನನ್ನ ಅಜ್ಜಿ ಮಾದಮ್ಮ. ಹಕ್ಕಿಗೆ ಬೇಲಿ ಎಲ್ಲಿಯದು? ಹಣ್ಣು ತಿಂದು ಬೀಜವನ್ನು ಏಳು ಗುಡ್ಡಕ್ಕೂ ಹಾಕಿದವು. ಈಗ ಧಗಧಗ ಉರಿಯುತ್ತಿರುವುದು ಅದೇ.

ಮುಳ್ಳು ಹದಿನೆಂಟು. ಹೊಗೆಗೆ ಕಣ್ಣು ಬಿಡಲಾಗುತ್ತಿಲ್ಲ. ಪೋಡೆಂಬ ನಮ್ಮ ಪುಟ್ಟ ಊರಿನವರೆಲ್ಲ ಕೆಳಗಿನ ದಾರಿಯಲ್ಲಿ ಇಳಿಯುತ್ತಿದ್ದಾರೆ. ನನ್ನ ಮಗಳು ಹೆತ್ತು ಒಂಬತ್ತೇ ದಿನ, ಅವಳ ಹೆಜ್ಜೆ ನಿಧಾನ. ಟ್ಯಾಂಕು ಸಿಡಿದರೆ ಆ ದಾರಿಯೇ ಇರುವುದಿಲ್ಲ. ಹೊರಡುವಾಗ ನನ್ನ ಗಂಡ ಜಡೆಯ ರೇಗಿದ: “ಬಾ ಅಂದ್ರ ಬಾ ಕೇತಿ! ನಿಂಗ ತಾಳಿ ಕಟ್ಟಿದವ್ನು ನಾನಾ, ಆ ಡಬ್ಬವಾ?” ಮಗಳ ಗಂಟನ್ನು ಅವನ ಹೆಗಲಿಗೇರಿಸಿ ದಾರಿ ತೋರಿಸಿದೆ. ನೀನೇ ಅನ್ನಬೇಕಿತ್ತು.

ಒಲೆ ಹೊತ್ತಿಸಿ, ಬೇಡ ಎನ್ನುವುದಿಲ್ಲ. ಆದರೆ ಕಳೆ ಮುಗಿದ ದಿನ ಆರಿಸಿಬಿಡಿ. ಹಬ್ಬದೂಟ ಮಾಡಿ, ಬೇರೆ ದೀಪ ಹುಡುಕಿ. ಮುಂದೊಂದು ದಿನ ಮಾದಮ್ಮ ಎಂಬಾಕೆ ಅರಿಸಿನದ ಬಟ್ಟಲು ಹಿಡಿದು ಇಳಿಜಾರಿಗೆ ಹೊರಟರೆ, ದಮ್ಮಯ್ಯ, ಅವಳನ್ನು ತಡೆಯಲು ನಿಮ್ಮ ಮಕ್ಕಳಿಗೆ ಹೇಳಿಡಿ. ಒಳ್ಳೆಯವಳು, ಹೇಳಿದರೆ ಕೇಳುತ್ತಿದ್ದಳು. ಯಾರೂ ಹೇಳಲಿಲ್ಲ, ಅಷ್ಟೆ.

ಮುಳ್ಳು ನಾಲ್ಕು. ಬೆಂಕಿ ಈಚೆ ಗುಡ್ಡ ಹತ್ತಿದೆ. ಹಿಡಿ ಕಾದು ಜಾರುತ್ತಿದೆ. ಕಾಗದವನ್ನು ಖಾಲಿಯಿರುವ ಕಬ್ಬಿಣದ ಇದ್ದಿಲ ಪೆಟ್ಟಿಗೆಗೆ ಹಾಕಿ ಮುಚ್ಚುತ್ತೇನೆ. ಇನ್ನು ಎರಡೂ ಕೈ ಬೇಕು.