ಹಸಿರು ಕಪ್ಪಾಗುವ ಬೆಳಕು

೪ ಜೂನ್ ೨೦೧೮, ಸೋಮವಾರ

ನಾಚಾರಂ, ಎಲ್ಇಡಿ ದೀಪ ಮಾಡುವ ಯುನಿಟ್ಟು. ಬೆಳಿಗ್ಗೆಯಿಂದ ಸ್ಯಾಂಪಲ್ ದೀಪಗಳನ್ನು ಉರಿಸಿ ಅಳೆದೆ. ಎರಡು ಬಿಸಿಗೇ ಸೋತವು. ಉಳಿದವುಗಳಲ್ಲಿ ಒಂದನ್ನು ತಂಗಿ ಲಹರಿಯ ನೆಲಮಾಳಿಗೆಯ ಸೊಪ್ಪಿನ ತೋಟಕ್ಕೆಂದು ಆರಿಸಿದೆ. ಬರೀ ಕೆಂಪು, ನೀಲಿ. ಬಿಳಿ ಚಿಪ್ ಒಂದೂ ಇಲ್ಲ. ಗಿಡ ಹೆಚ್ಚು ಬಯಸುವುದು ಆ ಎರಡನ್ನೇ. ಅಷ್ಟೇ ಕರೆಂಟಿಗೆ ಎಲೆಗೆ ಸಿಗುವ ಬೆಳಕು ಇದರಲ್ಲಿ ಜಾಸ್ತಿ.

ಯುನಿಟ್ಟಿನ ಮಾಲೀಕರು ಅಮರಯ್ಯನವರು ಇಣುಕಿದರು. "ಒಂದೆರಡು ಬಿಳಿ ಹಾಕ್ರಿ ಮೇಡಂ. ಒಳಗ ಮನಷ್ಯಾರೂ ಇರ್ತಾರಲ್ರಿ?"

"ಗಿಡಕ್ಕ ಬೇಕಾಗಿಲ್ರಿ ಸರ್."

"ನೀವುಂಟು, ನಿಮ್ಮ ಗಿಡ ಉಂಟು." ನಕ್ಕು ಹೋದರು.

ಊಟದ ಹೊತ್ತಿನಲ್ಲಿ ಒಂದರ ಮೇಲೊಂದು ಸಾವಿನ ಪೋಲಿಷ್ ಕಾದಂಬರಿ, ಕನ್ನಡದಲ್ಲಿ. ಅನುವಾದ ಸರಾಗವಾಗಿದೆ. ಸರಾಗವಾಗಿದ್ದಷ್ಟೂ ನನಗೆ ಅನುಮಾನ — ಏನು ಬಿಟ್ಟುಹೋಗಿದೆ? ಬಿಟ್ಟದ್ದು ಕಾಣುವುದಿಲ್ಲವಲ್ಲ.

೧೦ ಜೂನ್, ಭಾನುವಾರ

ಕೂಕಟ್‌ಪಲ್ಲಿ. ಲಹರಿಯ ಬೇಸ್‌ಮೆಂಟ್. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟ ಮೇಲೆ ತಂಗಿಯ ಲೋಕ ಇದೇ. ಮಣ್ಣಿಲ್ಲ. ನೀರು ಹರಿಯುವ ಪೈಪು, ಅದರಲ್ಲಿ ಲೆಟ್ಯೂಸ್ ಸೊಪ್ಪು. ಹೈಟೆಕ್ ಸಿಟಿಯ ಕ್ಯಾಂಟೀನುಗಳಿಗೆ ಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡುಗಳು, ಮೇಲೆ ನನ್ನ ದೀಪಗಳು, ಬೇರೆ ಬಲ್ಬು ಇಲ್ಲ. ಕೆಳಗಿಳಿದರೆ ಫೋನಿಗೆ ಸಿಗ್ನಲ್ ಇಲ್ಲ.

ದೀಪ ಹಾಕಿದೆವು. ಕೋಣೆಯೆಲ್ಲ ನೇರಳೆ.

"ಡ್ಯಾನ್ಸ್ ಬಾರ್ ಆತಲ್ಲಕ್ಕ ಇದು," ಲಹರಿ.

"ಪೊಲೀಸ್ರು ಬಂದ್ರ ಸೊಪ್ಪು ಕೊಟ್ಟು ಕಳ್ಸು."

ಎಲೆ ಕೊಯ್ಯುವ ಶಂಕ್ರಮ್ಮ, ಯಾದಗಿರಿ ಕಡೆಯವಳು, ಕೈ ಮುಂದೆ ಚಾಚಿ ನೋಡಿಕೊಂಡಳು. "ಅಯ್ಯ ಶಿವನ! ನನ್ನ ಹಸರ ಬಳಿ ಕರ್ರಗ ಆದ್ವಲ್ರೀ ಅಕ್ಕಾರ. ಇನ್ನಾ ಗಟ್ಟಿಮುಟ್ಟಾಗಿ ಅದಾನ್ರೀ ನನ್ನ ಗಂಡ!"

ಹಸಿರು ಕಾಣಬೇಕಾದರೆ ಬೆಳಕಿನಲ್ಲಿ ಹಸಿರಿರಬೇಕು, ಇಲ್ಲಿ ಅದಿಲ್ಲ, ಬಳೆಗೆ ಏನೂ ಆಗಿಲ್ಲ ಎಂದು ವಿವರಿಸಿದೆ. ತಲೆಯಾಡಿಸಿದಳು. ಆದರೂ ಮೆಟ್ಟಿಲು ಹತ್ತಿ ಬಿಸಿಲಿಗೆ ಹೋಗಿ ಬಳೆ ನೋಡಿಕೊಂಡೇ ಬಂದಳು.

೧೩ ಜೂನ್

ಲಹರಿಯ ಫೋನು. ನನಗೆ ಹೇಳದೆ ಇನ್ನೊಂದು ಸ್ಟ್ಯಾಂಡು ಹಾಕಿಸಿದ್ದಾಳೆ. ಓಣಿಯ ಎಲೆಕ್ಟ್ರಿಷಿಯನ್ ಮೋಹನ ವೈರಿಂಗ್ ಮಾಡಿದನಂತೆ. ಆಮೇಲೆ, ಸಹಜವೆಂಬಂತೆ: "ಹೊಸಾ ಸ್ಟ್ಯಾಂಡಿನ ಲೈಟ್ ಹಾಕಿದ ಕೂಡ್ಲೇ ಆ ಸೇಫ್ಟಿ ಸ್ವಿಚ್ ಬೀಳಾಕತ್ತಿತ್ತು. ನೀರಿನ ತ್ಯಾವಕ್ಕ ಅಂದ. ತಗದು ಡೈರೆಕ್ಟ್ ಕೊಟ್ಟಾನ."

ಕರೆಂಟು ದಾರಿ ತಪ್ಪಿದರೆ ಆ ಕ್ಷಣವೇ ಕಡಿಯುವ ಸ್ವಿಚ್ ಅದು. ಒದ್ದೆ ಕೋಣೆಯಲ್ಲಿ ಅದೊಂದೇ ಕಾವಲು.

"ಬುದ್ಧಿ ಐತೇನ್ ನಿನಗ? ಇವತ್ತೇ ತಿರುಗಿ ಹಾಕ್ಸು."

"ಹಾಕಸ್ತೀನಿ ಮಾರಾಯ್ತಿ. ಅಲ್ಲೀತನಾ ಸಸಿ ಕತ್ತಲ್ದಾಗ ಇಡ್ಲೇನು?"

ಆಮೇಲೆ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ಕಾದಂಬರಿಯ ಅದೇ ಪುಟವನ್ನು ಮತ್ತೆ ಮತ್ತೆ ಓದಿದೆ.

೧೭ ಜೂನ್, ಭಾನುವಾರ

ಹೋಗಿ ನೋಡಿದೆ. ಸ್ವಿಚ್ ಹಾಕಿಸಿಲ್ಲ. ಮೋಹನ ಊರಿಗೆ ಹೋಗಿದ್ದಾನಂತೆ, ಶುಕ್ರವಾರ ಬರುತ್ತಾನಂತೆ.

ಶಂಕ್ರಮ್ಮ ತಾನಾಗಿಯೇ ಹೇಳಿದಳು: "ಹೊಸಾದು ಮುಟ್ಟಿದ್ರ ಇರಬಿ ಹರದಂಗ ಆಕೈತ್ರಿ ಅಕ್ಕಾರ. ತೊಯ್ದ ಕೈಯಾಗಷ್ಟ."

ಹೊಸ ಸ್ಟ್ಯಾಂಡಿನ ಹತ್ತಿರ ಹೋದೆ. ಅದರ ಕಬ್ಬಿಣಕ್ಕೆ ಟೆಸ್ಟರ್ ಇಟ್ಟೆ. ಹತ್ತಲಿಲ್ಲ. ಇನ್ನೊಂದು ಕಡೆ ಇಟ್ಟೆ. ಅಲ್ಲೂ ಇಲ್ಲ. ಜಂಕ್ಷನ್ ಬಾಕ್ಸ್ ಬಿಚ್ಚಿ ಇಣುಕಿದೆ. ತಂತಿಗಳೆಲ್ಲ ಬಿಗಿಯಾಗಿದ್ದವು, ಅಚ್ಚುಕಟ್ಟಾಗಿದ್ದವು. ಮೋಹನನ ಕೆಲಸ ಚೊಕ್ಕ. ತಪ್ಪು ಕಾಣಲಿಲ್ಲ.

"ವೈರಿಂಗ್ ಮಾಡೂಮುಂದ ಮೇನ್ ಬಂದ್ ಇತ್ತಿಲ್ಲೋ?"

"ಈ ಸ್ಟ್ಯಾಂಡಿಂದು ಬಂದ್ ಇತ್ತು. ಉಳದ ಲೈಟ್ ಹತ್ತಿದ್ವು. ಅದರ ಬೆಳಕಿನ್ಯಾಗ ಮಾಡಿದ," ಎಂದಳು ಲಹರಿ. "ಆ ಪುಸ್ತಕಾ ಓದಿ ಓದಿ ಹೆದರೂದು ಕಲ್ತಿ ನೋಡಕ್ಕ. ಕಡೀಕ ಯಾರರ ಸಾಯಾಕ ಬೇಕು ನಿನಗ."

ಆ ಸ್ಟ್ಯಾಂಡು ಬಂದ್ ಇಡು ಎಂದೆ. ಶುಕ್ರವಾರ ಮಾಲು ಕೊಡಬೇಕು, ಆಗದು ಎಂದಳು. ಒಣ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಎಂದೆ. ಇಬ್ಬರೂ ಹೂಂ ಎಂದರು.

ಹೊರಡುವಾಗ ಶಂಕ್ರಮ್ಮನನ್ನು ಮೇನ್ ಸ್ವಿಚ್ಚಿನ ಮುಂದೆ ನಿಲ್ಲಿಸಿದೆ. "ಯಾರರ ಬಿದ್ರ ಮೊದಲ ಇದನ್ನ ಬಂದ್ ಮಾಡ್ಬೇಕು. ಆಮ್ಯಾಲ ಮುಟ್ಟಬೇಕು. ಹಡದ ಮಗಳಾದ್ರೂ."

"ಹೂನ್ರಿ. ಮೊದಲ ಬಂದ್, ಆಮ್ಯಾಲ ಮುಟ್ಟೂದು."

ಮತ್ತೊಮ್ಮೆ ಹೇಳಿಸಿದೆ. ಲಹರಿ ಹಿಂದೆ ನಿಂತು ನಗುತ್ತಿದ್ದಳು.

೨೧ ಜೂನ್, ಗುರುವಾರ. ಬೆಳಿಗ್ಗೆ

ಹೊಸ ದೀಪ ಅಳೆಯಲು ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿದ್ದೆ. ಅದರ ಕೆಂಪು–ನೀಲಿ ಬೆಳಕಿನಲ್ಲಿ ಟೇಬಲ್ ಮೇಲೆ ಎರಡು ತುಂಡು ತಂತಿ. ಎರಡೂ ಕಪ್ಪು.

ನಾನು ತಂದದ್ದು ಒಂದು ಕಪ್ಪು, ಒಂದು ಹಸಿರು.

ಪರದೆ ಸರಿಸಿದೆ. ಹಸಿರು ಬಂತು. ಎಳೆದೆ. ಹೋಯಿತು.

ಬಳೆ. ಆ ದಿನ ಬಳೆಯ ಬಗ್ಗೆ ಪಾಠ ಹೇಳಿದವಳು ನಾನೇ.

ಕಪ್ಪು — ಕರೆಂಟು ತಿರುಗಿ ಹೋಗುವ ನ್ಯೂಟ್ರಲ್ ತಂತಿ. ಹಸಿರು — ಲೋಹದ ಮೈಯಿಂದ ನೆಲಕ್ಕೆ ಹೋಗುವ ಅರ್ಥಿಂಗ್. ಮೋಹನ ಅದಲುಬದಲು ಮಾಡಿದ್ದಾನೆ: ಸ್ಟ್ಯಾಂಡಿನ ಕಬ್ಬಿಣ ನ್ಯೂಟ್ರಲ್‌ಗೆ, ದೀಪದ ಕರೆಂಟು ನೆಲಕ್ಕೆ. ಆ ಬೆಳಕಿನಲ್ಲಿ ಯಾರಾದರೂ ಮಾಡುತ್ತಿದ್ದರು. ಅದಕ್ಕೇ ಸೇಫ್ಟಿ ಸ್ವಿಚ್ ಬೀಳುತ್ತಿತ್ತು. ಅದು ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕೇ ಇರುವೆ. ನ್ಯೂಟ್ರಲ್‌ಗೆ ಟೆಸ್ಟರ್ ಹತ್ತುವುದಿಲ್ಲ. ಬಾಕ್ಸ್ ಬಿಚ್ಚಿ ನಾನೂ ಅದೇ ಬೆಳಕಿನಲ್ಲಿ ನೋಡಿದೆ.

ನ್ಯೂಟ್ರಲ್ ಕೂಡಿರುವತನಕ ಜೀವಕ್ಕೆ ಭಯವಿಲ್ಲ. ಹೊರಗೆ ಎಲ್ಲಾದರೂ ಅದು ಕಡಿದರೆ, ಉಳಿದ ದೀಪಗಳನ್ನು ಹಾಯ್ದು ಪೂರ್ತಿ ಕರೆಂಟು ಆ ಸ್ಟ್ಯಾಂಡಿನ ಕಬ್ಬಿಣಕ್ಕೆ ಬಂದು ನಿಲ್ಲುತ್ತದೆ.

ಫೋನು ಮಾಡುತ್ತಿದ್ದೇನೆ. ನಾಟ್ ರೀಚಬಲ್. ಕೆಳಗೇ ಇದ್ದಾಳೆ.

ಅದೇ ದಿನ. ಮೆಟ್ರೊ

ಹಬ್ಸಿಗುಡದಲ್ಲಿ ಹತ್ತಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಸ್ಟೇಷನ್ನಿನ ಮೆಟ್ಟಿಲೇರುವಾಗ ಲಹರಿಯ ಮೆಸೇಜು ಬಂದಿತ್ತು: "ಗಾಳಿಗೆ ಟೊಂಗಿ ಬಿತ್ತಕ್ಕ ವೈರ್ ಮ್ಯಾಲೆ. ಮ್ಯಾಲಿನ ಮನೀ ಟಿವಿ ಸುಟ್ಟೋತು! ನಮ್ಮ ಫ್ಯಾನ್ ವಿಮಾನದಂಗ ತಿರಗಾಕತ್ತೈತಿ 😂 ನ್ಯೂಟ್ರಲ್ ಹೋಗೇತಂತ. ಲೈನ್‌ಮನ್ ಬರೋತನಾ ಕೆಳಗ ಹೋಗಿ ಎಲಿ ಕೊಯ್ತೀವಿ."

ಏನೂ ಮುಟ್ಟಬೇಡಿ, ಮೇಲೆ ಬನ್ನಿ ಎಂದು ಬರೆದೆ. ಒಂದೇ ಟಿಕ್. ಇನ್ನೂ ಒಂದೇ ಟಿಕ್. ಮೇಲಿನ ಮನೆಯವರ ನಂಬರು ನನ್ನಲ್ಲಿಲ್ಲ. ಯಾಕಿಲ್ಲ? ವಾಚ್‌ಮನ್‌ದೂ ಇಲ್ಲ.

ಅಮೀರ್‌ಪೇಟದಲ್ಲಿ ಗಾಡಿ ಬದಲಿಸುವಾಗ ಎಸ್ಕಲೇಟರಿನ ಮೇಲೆ ಜನ ನಿಂತಿದ್ದರು. ಸುಮ್ಮನೆ ನಿಂತಿದ್ದರು. "ಜರಾ ಹಟಿಯೇ, ದಾರಿ ಬಿಡ್ರಿ" ಎಂದು ಕಿರುಚಿದೆ. ನಾನು ಕಿರುಚಿದೆ.

ಎರ್ರಗಡ್ಡ.

ಒಣ ಚಪ್ಪಲಿ ಹಾಕಿದ್ದಾರೆ. ಹೂಂ ಎಂದಿದ್ದರು. ಆ ಸ್ಟ್ಯಾಂಡಿನ ಎಲೆ ಇನ್ನೂ ಸಣ್ಣವು, ಅದರ ಹತ್ತಿರ ಹೋಗುವುದಿಲ್ಲ. ಅಲ್ಲ — ಶುಕ್ರವಾರಕ್ಕೆ ಅದೂ ಬೇಕು ಎಂದಿದ್ದಳು.

ಒಂದೆರಡು ಬಿಳಿ ಚಿಪ್. ಅಷ್ಟೇ ಸಾಕಾಗಿತ್ತು.

ಮೂಸಾಪೇಟ. ಒಂದೇ ಟಿಕ್.

ಬಾಲಾನಗರ. ಫೋನು ರಿಂಗಾಯಿತು. ಲಹರಿಯ ನಂಬರು. ದೇವರೇ. "ಲಹರಿ, ಮ್ಯಾಲ ಬಾ" ಎಂದೆ.

ಶಂಕ್ರಮ್ಮನ ಧ್ವನಿ. ಮೆಲ್ಲಗೆ, ಪಾಠ ಒಪ್ಪಿಸುವವಳ ಹಾಗೆ. "ನೀವು ಹೇಳ್ದಂಗ ಮಾಡೀನ್ರೀ ಅಕ್ಕಾರ. ಮೊದಲ ಬಂದ್ ಮಾಡೀನಿ. ಆಮ್ಯಾಲೇ ಮುಟ್ಟೀನಿ. ಉಸರು ಐತ್ರಿ. ಲಗೂನ ಬರ್ರಿ."

ಕೂಕಟ್‌ಪಲ್ಲಿ. ಬಾಗಿಲು ತೆರೆಯಿತು —