ನಿಮ್ಮಪ್ಪನಿಗೆ ಹೇಳು

ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ 6

ಶಾಖ 25. ಹುಳ ನಾಲ್ಕನೇ ಜ್ವರದಿಂದ ಎದ್ದಿವೆ. ಹಳೇ ಚರ್ಮ ಬಿಟ್ಟು ಹೊಸತು ತೊಟ್ಟು, ಒಳ್ಳೆ ಹಸಿವಿನಲ್ಲಿವೆ. ಇನ್ನು ಏಳೆಂಟು ದಿನ ಮೇಯಿಸಿದರೆ ಗೂಡು ಕಟ್ಟುತ್ತವೆ. ಇವತ್ತಿನಿಂದ ಮೂರು ಹೊತ್ತು ಸೊಪ್ಪು, ಕಡ್ಡಿ ಸಮೇತ.

ರೇಷ್ಮೆ ಟ್ರೈನಿಂಗಿನಲ್ಲಿ ಬರೆದಿಡಿ ಅಂದದ್ದು ಇಷ್ಟೇ. ಶಾಖ, ತೇವ, ಸೊಪ್ಪಿನ ಹೊತ್ತು. ಉಳಿದದ್ದೆಲ್ಲ ನನ್ನ ಚಟ. ಯಾರೂ ಓದುವುದಿಲ್ಲ. ಓದಿದರೆ ಕೈ ಮುರಿಯುತ್ತೇನೆ.

ಮಗಳ ಜೊತೆ ಮಾತು ಬಿಟ್ಟು ಎರಡನೇ ದಿನ. ಮೊನ್ನೆಯಿಂದ ಗಂಡನ ಮೇಲೆ ಸಿಟ್ಟಿತ್ತು — ಯಾರೋ ನೆಂಟರನ್ನು ಚಪ್ಪಲಿ ಸಮೇತ ಹುಳದ ಮನೆಯೊಳಗೆ ಕರೆದುಕೊಂಡು ಬಂದು ತೋರಿಸಿದರು. ಅದಕ್ಕೆ ಮಾತು ಬಿಟ್ಟಿದ್ದೆ. ನಿನ್ನೆ ಊಟಕ್ಕೆ ಕೂತಾಗ ಶೃತಿಗೆ ಅಂದೆ, "ನಿಮ್ಮಪ್ಪನಿಗೆ ಹೇಳು, ಹುಳ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆ ಬಾಡಿಗೆಗೆ ಮಾತಾಡಿ ಬರ್ಲಿ."

"ಅಪ್ಪ ಇಲ್ಲೇ ಕುಂತವ್ರಲ್ಲಮ್ಮ, ನಿನ್ ಪಕ್ಕದಲ್ಲೇ. ನೀನೇ ಹೇಳು. ಇನ್ಮೇಲೆ ಈ ಪೋಸ್ಟ್‌ಮ್ಯಾನ್ ಕೆಲ್ಸ ನನ್ ಕೈಲಾಗಲ್ಲ."

ಅವರು ನಕ್ಕುಬಿಟ್ಟರು. ಅಪ್ಪ ಮಗಳು ಇಬ್ಬರೂ ನಕ್ಕರು. ಮೈ ಉರಿಯಿತು. ಅವರ ಜೊತೆಗೆ ಇವಳ ಮಾತನ್ನೂ ಬಿಟ್ಟೆ.

ಆಗಸ್ಟ್ 13, ಬುಧವಾರ. ಮಧ್ಯಾಹ್ನ 3

ಶಾಖ 26. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ.

ಮಾತು ಬಿಡುವುದು ನಮ್ಮಪ್ಪನಿಂದ ಬಂದ ಆಸ್ತಿ. ಗುರುಪಾದಸ್ವಾಮಿಯವರು ಬೈದದ್ದು ಕಾಣೆ, ಕೈ ಎತ್ತಿದ್ದು ಕಾಣೆ. ಬಾಯಿ ಮುಚ್ಚುತ್ತಿದ್ದರು, ಅಷ್ಟೆ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅನ್ನುತ್ತಿದ್ದರು. ನನಗೆ ಹತ್ತು ವರ್ಷ ಇದ್ದಾಗ ಅವ್ವನ ಜೊತೆ ಒಂದು ವರ್ಷ ಎರಡು ತಿಂಗಳು ಮಾತಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ, ಕೈ ಸಾಲದ ಹೊತ್ತಿಗೆ ಅವ್ವ ಹೇಳದೆ ತವರಿನ ಮದುವೆಗೆ ಹೋದಳು ಅಂತ. ಆ ಒಂದು ವರ್ಷ ಎರಡು ತಿಂಗಳು ಮನೆಯ ಅಂಚೆ ಇಲಾಖೆ ನಾನು.

"ನಿಮ್ಮವ್ವಂಗೆ ಹೇಳು, ಎಣ್ಣೆ ಮುಗ್ದದೆ ಅಂತ." "ನಿಮ್ಮಪ್ಪಂಗೆ ಹೇಳು, ಅದು ನಂಗೂ ಕಾಣ್ತದೆ ಅಂತ." ಒಂದು ಸಲ ಅಪ್ಪ, "ಇವತ್ತು ಸಾರು ಚೆಂದಾಗಿತ್ತು. ಅದ ಮಾತ್ರ ನಿಮ್ಮವ್ವಂಗೆ ಹೇಳ್ಬ್ಯಾಡ" ಅಂದರು. ಓಡಿಹೋಗಿ ಹೇಳಿದೆ. ಅವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ಮಾರನೇ ದಿನವೂ ಅದೇ ಸಾರು.

ಎಷ್ಟು ಚೆನ್ನಾಗಿತ್ತು.

ಶೃತಿ ಸೆಮಿಸ್ಟರ್ ರಜೆ ಅಂತ ಮನೆಯಲ್ಲೇ ಇದ್ದಾಳೆ. ಹೇಳದಿದ್ದರೂ ಎದ್ದು ಸೊಪ್ಪು ಕೊಯ್ದು ಹಾಕುತ್ತಾಳೆ. ಮಾತಿಲ್ಲ ಅಂತ ಕೆಲಸ ನಿಲ್ಲಿಸಿಲ್ಲ. ಅದೇ ಇನ್ನೂ ಸಿಟ್ಟು ತರಿಸುತ್ತದೆ.

ಆಗಸ್ಟ್ 14, ಗುರುವಾರ. ಸಂಜೆ 5

ಶಾಖ 25, ತೇವ ಪರವಾಗಿಲ್ಲ.

ಪಕ್ಕದ ಹೊಲದ ಮಾದಸ್ವಾಮಿ ಫೋನ್ ಮಾಡಿದ. "ಅಕ್ಕ, ಟೊಮೆಟೊಗೆ ಈಗ್ಲೇ ಔಸ್ದಿ ಒಡೀತಾ ಇವ್ನಿ. ಗಾಳಿ ನಿಮ್ ಕಡೀಕೆ ಅದೆ. ತೆಂಕ್ಲು ಅಂಚಿನ ಸಾಲ ಒಂದತ್ತು ಹದಿನೈದು ದಿಸ ಮುಟ್ಬೇಡಿ." ಪುಣ್ಯಾತ್ಮ, ಮರೆಯದೆ ಹೇಳುತ್ತಾನೆ.

ತೆಂಕಲು ಅಂಚು — ಹತ್ತು ಸಾಲು — ಮುಟ್ಟಬಾರದು.

ಇವರು ಹೂಗ್ಯಂ ಊರಿಗೆ ತಮ್ಮ ದೊಡ್ಡಪ್ಪನ ತಿಥಿಗೆ ಹೋಗಿದ್ದಾರೆ. ಅಲ್ಲಿಂದ ಸಂಜೆ ಬಸ್ಸಿಲ್ಲ, ನಾಳೆಯೇ ಬರುವುದು. ಮಾತಿಲ್ಲದಿದ್ದರೂ ಬಂದಮೇಲೆ ಹೇಗಾದರೂ ತಿಳಿಸಬೇಕು. ಶೃತಿ ಇಲ್ಲೇ ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಾಳೆ. ಫೋನ್ ಬಂದಾಗ ಸ್ನಾನಕ್ಕೆ ಹೋಗಿದ್ದಳು. ಇವಳಿಗೆ ನಾನಾಗಿ ಹೇಳುವುದೇ? ಬೇಕಾದರೆ ಅವಳೇ ಕೇಳಲಿ. ಬೆಳಿಗ್ಗೆ ನಾನೇ ಮೊದಲು ಎದ್ದು ಕೊಯ್ದರಾಯಿತು.

ಆಗಸ್ಟ್ 15, ಶುಕ್ರವಾರ

ಏಳುವುದು ತಡವಾಯಿತು. ಆರೂವರೆ. ಅಷ್ಟರಲ್ಲಿ ಅವಳು ಎರಡು ಹೊರೆ ಕೊಯ್ದು ತಂದು ಎಲ್ಲ ಸ್ಟ್ಯಾಂಡಿಗೂ ಹಾಕಿ ಮುಗಿಸಿದ್ದಳು. ಎಲ್ಲಿಂದ ತಂದಳು ಅಂತ ಕೇಳಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಅಂಚಿನವರೆಗೂ ಹೋಗಿರಲಾರಳು ಅಂದುಕೊಂಡೆ.

ಹತ್ತೂವರೆಗೆ ಹುಳ ತಲೆ ಎತ್ತಿ ಆ ಕಡೆ ಈ ಕಡೆ ಒಲೆದಾಡತೊಡಗಿದವು. ಆಮೇಲೆ ಹಸಿರು ಕಕ್ಕಿದವು. ಎಲ್ಲ ಸ್ಟ್ಯಾಂಡೂ ಒಂದೇ ಸಮ. ಎರಡು ಗಂಟೆಗೆ ಎಲ್ಲ —

ಆಗಸ್ಟ್ 18, ಸೋಮವಾರ

ಬರೆಯಲೇಬೇಕು.

ಅವತ್ತು ಸಂಜೆ ಇವರು ಬಂದರು. ಹುಳದ ಮನೆ ಬಾಗಿಲಲ್ಲೇ ಕೂತುಬಿಟ್ಟರು. "ಇದು ಔಸ್ದಿ ಬಿದ್ದ ಸೊಪ್ಪಿನ ಕೆಲ್ಸ. ಯಾವ ಸಾಲಿಂದು?" ಅಂದರು. ಶೃತಿ ಮುಂದೆ ಬಂದಳು. "ತೆಂಕ್ಲು ಅಂಚಿಂದಪ್ಪ. ಅಲ್ಲೇ ಚೆನ್ನಾಗಿತ್ತು, ಅದ್ಕೇ ಕೊಯ್ದೆ. ಔಷಧಿ ವಿಷ್ಯ ಗೊತ್ತಿರ್ಲಿಲ್ಲ." ಅಳುತ್ತಿದ್ದಳು. ಇವರು ಬೈಯಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟು, "ಆದದ್ದಾಯ್ತು ಬುಡವ್ವ" ಅಂದರು.

ನಾನು ಒಲೆ ಕಡೆ ತಿರುಗಿಕೊಂಡೆ. ಒಂದು ಮಾತು, ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮೂರು ದಿನ ಅವಳು ಅನ್ನ ಸರಿಯಾಗಿ ತಿನ್ನಲಿಲ್ಲ. ಗುಂಡಿ ತೋಡಿ ಹುಳ ಮುಚ್ಚುವಾಗ ಮಂಕರಿ ಹೊತ್ತಿದ್ದು ಅವಳೇ. ನಾನು ಮಾತು ಬಿಟ್ಟವಳು ಬಿಟ್ಟೇ ಇದ್ದೆ. ನನಗೇ ನಾಚಿಕೆ, ಆದರೆ ಶುರು ಮಾಡುವುದು ಹೇಗೆ ಅಂತ ತಿಳಿಯಲಿಲ್ಲ.

ಇವತ್ತು ಬೆಳಿಗ್ಗೆ ಮಾದಸ್ವಾಮಿ ಬಂದ. ಜಗುಲಿ ಮೇಲೆ ಇವರ ಪಕ್ಕ ಕೂತು ಲೊಚಗುಟ್ಟಿದ. "ಅಲ್ಲಾ, ನಾನು ಒಡಿಯೋಕ್ ಮುಂಚೇನೇ ಅಕ್ಕಂಗೆ ಫೋನ್ ಮಾಡಿ ಏಳಿದ್ನಲ್ಲ ಸಾಂತಣ್ಣ. ಅಂಗಿದ್ರೂ ಯಾಕ್ ಕೊಯ್ದ್ರಿ?"

ಶೃತಿ ಕಾಫಿ ಲೋಟ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದಳು. ಲೋಟ ಮಾದಸ್ವಾಮಿ ಕೈಗೆ ಕೊಟ್ಟು, ಒಳಗೆ ಹೋಗಿ ಬ್ಯಾಗು ತುಂಬಿದಳು. ಅಪ್ಪನಿಗೆ ಮಾತ್ರ ಹೇಳಿದಳು, "ಯಳಂದೂರಿಗೆ, ಅಜ್ಜಿ ಮನೆಗೆ ಹೋಗ್ತೀನಿ. ಕಾಲೇಜಿಗೂ ಅಲ್ಲಿಂದ್ಲೇ ಹೋಗ್ತೀನಿ."

ಹತ್ತು ಗಂಟೆ ಬಸ್ಸಿಗೆ ಹೋದಳು.

ಆಗಸ್ಟ್ 30, ಶನಿವಾರ

ಹುಳದ ಮನೆ ತೊಳೆದಾಯಿತು. ಬ್ಲೀಚಿಂಗ್ ಪೌಡರ್ ಎರಡು ಸಲ. ಕೈಯೆಲ್ಲ ಉರಿ.

ಅಪ್ಪ ಮಗಳು ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಕೊಳ್ಳೇಗಾಲದ ಕಾಲೇಜು ಶುರುವಾಯಿತಂತೆ. ನನ್ನ ವಿಷಯ ಕೇಳುವುದಿಲ್ಲವಂತೆ. ಅವಳು ಹೋದಮೇಲೆ ಇವರೇ ಮೊದಲು ನನ್ನನ್ನು ಮಾತಾಡಿಸಿದರು, ನಾನೂ ಉತ್ತರ ಕೊಟ್ಟೆ. ಇವತ್ತು ಇವರು, "ನಂಗೇನ್ ಸಿಟ್ಟಿಲ್ಲ. ಹುಳ ಇನ್ನೊಂದ್ಸಲ ಮೇಯಿಸ್ಬೌದು. ಅವ್ಳ ಜೊತೆ ಮಾತಾಡು" ಅಂದರು. "ನಾ ಬೇಜಾರಲ್ಲಿದ್ದೀನಿ ಅಂತ ನೀವೇ ಅವ್ಳಿಗೆ ಹೇಳಿ" ಅಂದೆ. ಅಂದಮೇಲೆ ಕೇಳಿಸಿತು ನಾನೇನು ಅಂದೆ ಅಂತ. ಇವರು ನಗಲೂ ಇಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು.

ಹತ್ತು ಅಂಕಿ ಒತ್ತಿದರೆ ಮಗಳು. ಹನ್ನೆರಡು ದಿನದಿಂದ ಒತ್ತಿಲ್ಲ. ಅವಳು ನಮ್ಮಪ್ಪನ ಹಾಗೆ ವರ್ಷಗಟ್ಟಲೆ ಬಿಟ್ಟರೆ? ಇಪ್ಪತ್ತು ವರ್ಷದ ಹುಡುಗಿ. ಒಂದು ಸಲ ರೂಢಿಯಾದರೆ ಅವಳ ಗಂಡನ ಮೇಲೆ, ಅವಳ ಮಕ್ಕಳ ಮೇಲೆ...

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ, ಬರೆದೂ ಇಲ್ಲ. ಅಪ್ಪ ಅವ್ವ ರಾಜಿಯಾದ ದಿನ. ಹುಳ ಹಣ್ಣಾಗಿದ್ದವು, ಕೈ ಸಾಲದು. ಅವ್ವ ನೇರವಾಗಿ, "ಆ ಕಡೆ ತಟ್ಟೆ ಇಡ್ಕಳಿ" ಅಂದಳು. ಅಪ್ಪ ಹಿಡಿದರು. ಮುಗಿಯಿತು. ಇಬ್ಬರೂ ರಾತ್ರಿವರೆಗೂ ಏನೇನೋ ಮಾತಾಡಿಕೊಂಡು ಹುಳ ಆರಿಸಿದರು. ನಾನು ಹಿತ್ತಲಿಗೆ ಹೋಗಿ ಅತ್ತೆ. ಸಂತೋಷಕ್ಕಲ್ಲ. ಇನ್ನು ಇಬ್ಬರೂ ನನ್ನನ್ನು ಕರೆಯುವುದಿಲ್ಲವಲ್ಲ, ಅದಕ್ಕೆ. ಎರಡೂ ಕಡೆಯಿಂದ ಬೆಲ್ಲ ಸಿಗುತ್ತಿದ್ದ ಕಾಲ ಅದು. ಈಗಲೂ ಆ ದಿನಗಳು ಬೇಕು ಅನ್ನಿಸುತ್ತದೆ. ಎಂಥ ಹೆಂಗಸು ನಾನು!

ಶೃತಿಗೂ ಆ ಕೆಲಸ ಕೊಟ್ಟದ್ದು ನಾನೇ, ಅವಳಿಗೆ ನಾಲ್ಕು ವರ್ಷ ಆದಾಗಿನಿಂದಲೇ. ಅವಳಿಗೂ ಇಷ್ಟ ಇರಬೇಕು ಅಂದುಕೊಂಡಿದ್ದೆ. ಒಂದು ದಿನವೂ ಕೇಳಲಿಲ್ಲ.

ಸೆಪ್ಟೆಂಬರ್ 4, ಗುರುವಾರ. ರಾತ್ರಿ

ಯಳಂದೂರಿಗೆ ಹೋಗಿಬಂದೆ. ನಮ್ಮೂರು ಶಾಗ್ಯದಿಂದ ಮೊದಲ ಬಸ್ಸು, ಕೊಳ್ಳೇಗಾಲದಲ್ಲಿ ಬದಲಿ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಬಸ್ ಇಳಿಯುವ ಹೊತ್ತಿಗೆ ಎಲ್ಲ ಮರೆತಿತ್ತು.

ಅವ್ವ ನನ್ನ ತಮ್ಮ ಬಸವೇಶನ ಮನೆಯಲ್ಲಿರುವುದು. ತಮ್ಮ ಕೆಲಸಕ್ಕೆ ಹೋಗಿದ್ದ. ಜಗುಲಿ ಮೇಲೆ ಅಜ್ಜಿ ಮೊಮ್ಮಗಳು ಅಕ್ಕಿ ಆರಿಸುತ್ತಿದ್ದರು. ಶೃತಿ ತಲೆ ಎತ್ತಿದಳು, ಮತ್ತೆ ಮೊರ ನೋಡಿದಳು.

"ಅಜ್ಜಿ, ಅವ್ರಿಗೆ ಹೇಳು, ಬಿಸ್ಲಲ್ಲಿ ಬಂದವ್ರೆ, ನೀರು ಕುಡೀಲಿ ಅಂತ."

ಅದೇ ದನಿ. ನನ್ನದೇ ದನಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಇವಳು ಹುಟ್ಟಿದಾಗ ಎಲ್ಲರೂ ಹೊಗಳಿದ್ದರು.

ಅವ್ವ ಮೊರ ಕೆಳಗಿಟ್ಟಳು. "ನಾ ಏಳಕಿಲ್ಲ ಕನವ್ವ. ನಿಂಗ್ ಬಾಯಿಲ್ವಾ?"

ನಿಂತೇ ಹೇಳಿದೆ. ಕೂತರೆ ಬಾಯಿ ಕಟ್ಟುತ್ತದೆ ಅನ್ನಿಸಿತು. "ಮಾದಸ್ವಾಮಿ ಫೋನ್ ಮಾಡ್ದಾಗ ನಂಗೆಲ್ಲ ಹೇಳ್ದ ಕಣೆ. ಆಮೇಲೆ ನೀನು ಎದುರ್ಗೇ ಜಡೆ ಹಾಕೋತಿದ್ದೆ. ಹಟಕ್ಕೆ ಬಿದ್ದು ನಿಂಗೆ ಹೇಳ್ನಿಲ್ಲ. ನಿಮ್ಮಪ್ಪ ಕೇಳ್ದಾಗ್ಲೂ ಬಾಯಿ ಬಿಡ್ನಿಲ್ಲ. ಹುಳ ಕೊಂದೋಳು ನಾನು. ನೀನಲ್ಲ. ತಪ್ಪು ನಂದು."

ನಮ್ಮ ಮನೆತನದಲ್ಲಿ ಈ ಕೊನೆಯ ಎರಡು ಪದ ಯಾರ ಬಾಯಲ್ಲೂ ಬಂದದ್ದು ನಾನು ಕೇಳಿಲ್ಲ.

ಶೃತಿ ಕಣ್ಣೊರೆಸಿಕೊಂಡಳು. ಎದ್ದು ಒಳಗೆ ಹೋದಳು. ಚಿಲಕ ಹಾಕಿದ ಸದ್ದು.

ಅವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಅಪ್ಪನ ಗುಣ ಕಣವ್ವ ನಂದು, ಇವ್ಳಿಗೂ ಬಂದದೆ" ಅಂದೆ.

"ನಿಮ್ಮಪ್ಪನ್ ಮ್ಯಾಲೆ ಯಾಕಾಕ್ತೀಯೇ?" ಅಂದಳು ಅವ್ವ. "ಅವ್ರು ಮಾತು ಬುಟ್ಟಿದ್ದು ಮೂರೇ ದಿಸ. ನಾಕ್ನೇ ದಿಸ ಅಡ್ಗೆಮನೆ ಬಾಕ್ಲಲ್ಲಿ ನಿಂತ್ಕಂಡು, ಸಂಕ್ರಿ, ವಸಿ ನೀರು ಕೊಡು ಅಂದ್ರು. ಕೇಳುಸ್ನೇ ಇಲ್ಲ ಅನ್ನಂಗೆ ರಾಗಿ ಬೀಸ್ತಾ ಕುಂತಿದ್ದೆ. ಇನ್ನೊಂದ್ಸಲ ಕರುದ್ರು. ಆಗ್ಲೂ ಅಂಗೇಯ. ಆಮ್ಯಾಕೆ ನಿನ್ ಕರುದು ನೀರು ಕೇಳುದ್ರು. ವರ್ಸ ಪೂರ್ತಿ ಬುಟ್ಟಿದ್ದು ನಾನು ಕನವ್ವ."

ಅಪ್ಪ ಹೋಗಿ ಒಂಬತ್ತು ವರ್ಷ. ಬಾಗಿಲಲ್ಲಿ ನಿಂತು ಎರಡು ಸಲ ಕರೆದ ಅಪ್ಪನನ್ನು ನಾನು ನೋಡಲೇ ಇಲ್ಲ. ಮೌನಿ, ಹಟಮಾರಿ ಅಂತ ಲೆಕ್ಕ ಹಾಕಿಟ್ಟುಬಿಟ್ಟಿದ್ದೆ. ಈಗ ಅಪ್ಪ ಬೇಕು ಅನ್ನಿಸಿತು. ಬಾವಿಕಟ್ಟೆ ಮೇಲೆ ಕೂತು ಅತ್ತೆ. ಅವ್ವನೂ ಅತ್ತಳು.

"ಅವ್ಳು ಎತ್ಲಿ ಬುಡ್ಲಿ, ನೀನು ದಿನಾ ಕರಿ" ಅಂದಳು ಅವ್ವ ಹೊರಡುವಾಗ. "ಎಲ್ಡು ಸಲಕ್ಕೆ ನಿಲ್ಲುಸ್ಬ್ಯಾಡ."

ಚಿಲಕ ತೆಗೆಯಲಿಲ್ಲ ಅವಳು. ಬಸ್ ಹತ್ತಿದೆ.

ಸೆಪ್ಟೆಂಬರ್ 6, ಶನಿವಾರ

ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಏಳನೇ ಸಲಕ್ಕೆ ಎತ್ತಿದಳು. ಹಲೋ ಅನ್ನಲಿಲ್ಲ. ಕಟ್ ಕೂಡ ಮಾಡಲಿಲ್ಲ. ಆ ಕಡೆ ಬಸ್ಸಿನ ಹಾರ್ನ್ ಕೇಳುತ್ತಿತ್ತು, ಕೊಳ್ಳೇಗಾಲದ ಸ್ಟ್ಯಾಂಡ್ ಇರಬೇಕು. ಏನು ಹೇಳುವುದು? ನಾಳೆ ಚಾಕಿ ಹುಳ ಬರ್ತಾವೆ ಅಂದೆ. ಮೋಡ ಆಗದೆ ಅಂದೆ. ನಿಮ್ಮಪ್ಪಂಗೆ ಶೀತ ಅಂದೆ. ಮುಗಿಯಿತು. "ಇಡ್ತೀನಿ" ಅಂದೆ. ಇಟ್ಟಳು.

ಮೊದಲು ಮಾತಾಡುವುದು ಅಂದರೆ ಇಷ್ಟೇನಾ? ನಲವತ್ತೇಳು ವರ್ಷ ಇದಕ್ಕೆ ಹೆದರಿದ್ದೆನಾ?

ಸೆಪ್ಟೆಂಬರ್ 10, ಬುಧವಾರ

ಚಾಕಿ ಬಂತು, ಎರಡು ಜ್ವರ ಮುಗಿಸಿದ ಮರಿ ಹುಳ. ಚುರುಕಾಗಿವೆ. ಶಾಖ 27.

ಇವರಿಗೆ ನಾನೇ, ಎದುರಿಗೇ, "ಒಳಕ್ಕೆ ಚಪ್ಪಲಿ ಹಾಕೊಂಡು ಬಂದ್ರೆ ನಂಗೆ ಸಿಟ್ಟು ಬರ್ತದೆ" ಅಂದೆ. "ಸರಿ ಕಣೆ" ಅಂದರು. ಹಾಗೇ ಹೊರಟುಹೋದರು. ಆಗಸ್ಟಿನಲ್ಲೇ ಅಂದಿದ್ದರೆ...

ಫೋನ್: ನಾನು ನಾಲ್ಕು ನಿಮಿಷ. ಅವಳು ಸುಮ್ಮನೆ.

ಸೆಪ್ಟೆಂಬರ್ 12, ಶುಕ್ರವಾರ

ಶಾಖ 26. ಫೋನ್ ಒಂಬತ್ತು ನಿಮಿಷ. ಅಪ್ಪ ನೀರು ಕೇಳಿದ ಕಥೆ ಹೇಳಿದೆ. ಸಾರಿನ ಕಥೆಯನ್ನೂ ಹೇಳಿದೆ. ನಿನ್ನ ಕೈಲಿ ಆ ಕೆಲಸ ಮಾಡಿಸಬಾರದಿತ್ತು ಅಂದೆ. ಮೂಗು ಎಳೆದುಕೊಂಡ ಸದ್ದು ಬಂತು. ಮಾತಿಲ್ಲ. ಕಾಯುತ್ತೇನೆ.

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 9

ಶಾಖ 26. ಹುಳ ಮೂರನೇ ಜ್ವರಕ್ಕೆ ಕೂರುತ್ತಿವೆ. ಎಲ್ಲ ಕೂತಮೇಲೆ ಸೊಪ್ಪು ನಿಲ್ಲಿಸಿ ಸುಣ್ಣ ಹಾಕಬೇಕು.

ಈಗಷ್ಟೇ ಫೋನ್ ಮಾಡಿದೆ. ಹುಳ ಕೂರ್ತಾ ಅವೆ ಅಂದೆ, ಇಡ್ತೀನಿ ಅಂದೆ.

"ಎಷ್ಟು ಕುಂತವೆ ಅಮ್ಮ?"

ತಪ್ಪು ಕೇಳಿಸಿತೇನೋ ಅಂತ ಫೋನ್ ಕಿವಿಗೆ ಒತ್ತಿಕೊಂಡೆ. ಮತ್ತೆ ಕೇಳಿದಳು, "ಒಂದೊಂದು ಸ್ಟ್ಯಾಂಡಲ್ಲಿ ಎಷ್ಟು? ನೋಡಿ ಹೇಳು. ನಾನು ಲೈನಲ್ಲಿ ಇರ್ತೀನಿ."

ಕನ್ನಡಕ ಹಾಕಿಕೊಂಡು ನೋಡುತ್ತಿದ್ದೇನೆ. ಹೇಳುವಾಗ ತಪ್ಪಬಾರದು ಅಂತ ಬರೆದುಕೊಳ್ಳುತ್ತಿದ್ದೇನೆ. ಫೋನ್ ಕಿಟಕಿ ಮೇಲೆ ಇದೆ, ಅವಳ ಉಸಿರು ಕೇಳುತ್ತಿದೆ. ಮೊದಲನೇ ಸ್ಟ್ಯಾಂಡು ಮುಕ್ಕಾಲು ಪಾಲು ಕೂತಿದೆ. ಎರಡನೆಯದು ಅರ್ಧ. ಮೂರನೆಯದು —