ಸೋಮವಾರ ಏಣಿ ಕೊಡಬೇಡಿ

ಮೈಸೂರು
22 ನವೆಂಬರ್ 1998, ಭಾನುವಾರ

ಪ್ರೀತಿಯ ರುದ್ರಮ್ಮತ್ತೆಗೆ,

ನಿಮ್ಮ ನೂರೈನ್ ಮಾಡುವ ಸಲಾಮು, ನಮಸ್ಕಾರ, ಎರಡೂ.

ಮೊದಲು ಕ್ಷಮಿಸಿ. ಅಮ್ಮಿಗೆ ಬರೆಯಬೇಕಾದ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ಅವಳ ಹೆಸರಿಗೆ ಬರೆದರೂ ಓದುವವರು ನೀವೇ ತಾನೇ. ಅವಳಿಗೆ ಕನ್ನಡ ಓದಲು ಬಾರದು, ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದ ನನಗೆ ಉರ್ದು ಬರೆಯಲು ಬಾರದು. ಆದರೆ ಅವಳ ಹೆಸರು ಕಂಡರೆ ನೀವು ಜಗುಲಿಯಲ್ಲೇ ಕೂತು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿಬಿಡುತ್ತೀರಿ. ಇದನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನನ್ನೂ ಬಿಡದೆ ಓದಿ ಹೇಳಿ. ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಅತ್ತೆ, ಕಾಲೇಜಿನ ಫೀ ಹೆಚ್ಚಾಗಿಲ್ಲ. ನಾನು ಸುಳ್ಳು ಬರೆದಿದ್ದೆ.

ಗುರುವಾರ ನಿಮ್ಮ ಕಾಗದ ಬಂತು. ‘ಕಾಡಸಿದ್ದಪ್ಪಂಗೆ ಹೇಳಿವ್ನಿ, ಮೂವತ್ತನೇ ತಾರೀಕು ಸೋಮವಾರ ಬಂದು ಕಾಯಿ ಸುಲಿದು ಒಡೀತಾನೆ. ದುಡ್ಡು ಕಳುಸ್ತೀನಿ, ನೀನು ಓದ್ಕೋ ಬೇಟಾ’ ಎಂದು ಅಮ್ಮಿ ಹೇಳಿದ್ದನ್ನು ಹಾಗೆಯೇ ಬರೆದು, ಕೆಳಗೆ ನಿಮ್ಮದೊಂದು ಸಾಲು ಸೇರಿಸಿದ್ದಿರಿ: ‘ಕಾಯಲ್ಲಿ ಇನ್ನೂ ನೀರು ಅಲ್ಲಾಡ್ತದೆ ಕಣೇ ನೂರಿ. ಎಷ್ಟು ಹೇಳಿದ್ರೂ ನಿಮ್ಮವ್ವ ಕೇಳ್ತಿಲ್ಲ.’ ಅಂದು ರಾತ್ರಿ ಮೆಸ್ಸಿಗೆ ಹೋಗಿ ತಟ್ಟೆ ತೊಳೆದಿಟ್ಟು ಬಂದೆ, ಊಟ ಮಾಡಲಿಲ್ಲ.

ನಿಮ್ಮ ಅಟ್ಟದ ಮೂಲೆಯಲ್ಲಿ ಸುಣ್ಣದ ಬೊಟ್ಟಿಟ್ಟ ಆ ಒಂಬೈನೂರು ತೆಂಗಿನಕಾಯಿ ಹೇಗೆ ಬಂದವು ಎಂಬುದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ. ನೊಣವಿನಕೆರೆಯಲ್ಲಿ ಅಮ್ಮಿಯ ಹತ್ತಿರ ಬಟ್ಟೆ ಹೊಲಿಸುವ ಹೆಂಗಸರ ಕೈಯಲ್ಲಿ ಕಾಸು ಇರುವುದಿಲ್ಲ. ಕೊಬ್ಬರಿ ತಿಪಟೂರಿನ ಮಂಡಿಗೆ ಹೋದರೆ ಆ ದುಡ್ಡು ಗಂಡಸರ ಜೇಬಿಗೆ. ಹಿತ್ತಲಲ್ಲಿ ತಾನಾಗಿ ಉದುರಿದ ಕಾಯಿಗೆ ಮಾತ್ರ ಅವರು ಯಾರನ್ನೂ ಕೇಳಬೇಕಿಲ್ಲ. ಅದಕ್ಕೇ ಅಮ್ಮಿಯ ರೇಟು ಕಾಯಿಯಲ್ಲಿ: ಬ್ಲೌಸಿಗೆ ನಾಲ್ಕು, ಲಂಗಕ್ಕೆ ಎರಡು. ಪುಟ್ಟಗೌರಮ್ಮ ಐದು ಬ್ಲೌಸಿಗೆ ಹದಿನೆಂಟೇ ಕಾಯಿ ತಂದು, ‘ಉಳಿದೆರಡು ಇನ್ನೂ ಮರದಾಗವೆ ಕಣ್ ಶಾಹಿದಾ, ಉದುರಿದ್ ತಕ್ಷಣ ಅವೇ ನಡ್ಕೊಂಡ್ ಬತ್ತವೆ’ ಎಂದಿದ್ದಕ್ಕೆ, ‘ಹಂಗಾರೆ ಐದನೇ ಬ್ಲೌಸಿನ ಒಂದು ತೋಳೂ ಆಮೇಲೆ ನಡ್ಕೊಂಡ್ ಬತ್ತದೆ’ ಅಂದಿದ್ದಳಂತೆ ಅಮ್ಮಿ. ಯುಗಾದಿಯ ಮುಂದೆ ಹಿಂದೆ, ಮದುವೆಗಳ ಕಾಲದಲ್ಲಿ, ಕತ್ತು ಎತ್ತದೆ ಹೊಲಿದು ಕೂಡಿಸಿದ ಕಾಯಿ ಅವು. ನಮ್ಮ ಶೀಟಿನ ಮನೆಗೆ ಅಟ್ಟ ಎಲ್ಲಿಯದು? ಪಕ್ಕದ ಮನೆಯ ನೀವು ನಿಮ್ಮ ಅಟ್ಟದಲ್ಲಿ ಜಾಗ ಬಿಟ್ಟುಕೊಟ್ಟಿರಿ.

ಆ ಕಾಯಿ ಮಾರ್ಚಿಗೆ ನೀರೊಣಗಿ ಕೊಬ್ಬರಿಯಾದ ಮೇಲೆ ಮಾರಿ, ಹೊಲಿಗೆ ಮಷಿನ್ ಕೊಳ್ಳಲೆಂದು ಇಟ್ಟದ್ದು. ಅಬ್ಬಾ ತೀರಿಕೊಂಡ ವರ್ಷ ಸ್ವಂತ ಮಷಿನ್ ಮಾರಿದ ಮೇಲೆ ಅಮ್ಮಿ ತುಳಿಯುತ್ತಿರುವುದು ಬುಡನ್ ಸಾಬರ ಬಾಡಿಗೆ ಮಷಿನ್. ತಿಂಗಳಿಗೆ ಅರವತ್ತು ರೂಪಾಯಿ. ಮೊನ್ನೆ ಕೂತು ಎಂಟು ವರ್ಷದ ಬಾಡಿಗೆ ಕೂಡಿಸಿದೆ. ಐದು ಸಾವಿರದ ಏಳುನೂರ ಅರವತ್ತು! ಮೂರೂವರೆ ಸಾವಿರಕ್ಕೆ ಮೋಟರಿನ ಸಮೇತ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಮಷಿನ್ ಸಿಗುತ್ತದೆ. ಒಂದೂವರೆ ಮಷಿನ್ನಿನ ದುಡ್ಡು ಕೊಟ್ಟಿದ್ದಾಳೆ ಅತ್ತೆ, ಒಂದು ಗಾಲಿಯೂ ಅವಳದಾಗಿಲ್ಲ. ಬುಡನ್ ಸಾಬರ ತಪ್ಪೇನಿಲ್ಲ, ಅವರ ವಸ್ತುವಿಗೆ ಅವರು ಬಾಡಿಗೆ ಕೇಳುತ್ತಾರೆ. ನಾವು ಯಾರೂ ಕೂಡಿಸಿ ನೋಡಿರಲಿಲ್ಲ, ಅಷ್ಟೇ.

ಇನ್ನು ನನ್ನ ಕಥೆ. ಅಮ್ಮಿ ಜುಲೈನಲ್ಲಿ ಎರಡನೇ ಟರ್ಮಿನ ಫೀ ಎಂದು ಎರಡು ಸಾವಿರ ಕೈಗಿಟ್ಟು, ‘ಬ್ಯಾಂಕಿಗೆ ಹಾಕು’ ಅಂದಿದ್ದಳು. ಬ್ಯಾಂಕಿನವರೆಗೂ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ದಾರ ಕಟ್ಟಿದ ಪೆನ್ನು, ಮೂರು ಬಣ್ಣದ ಫಾರಂ. ಯಾವುದನ್ನು ತುಂಬಬೇಕೆಂದು ತಿಳಿಯಲಿಲ್ಲ. ಊರಿನಲ್ಲಿ ನಾನು ‘ಇಂಗ್ಲಿಷ್ ಬರೋ ಹುಡುಗಿ’. ಇಂಗ್ಲಿಷಿನ ಫಾರಂ ಮುಂದೆ ನಿಂತು ಯಾರನ್ನು ಏನೆಂದು ಕೇಳಲಿ? ತಿರುಗಿ ಬಂದು ದುಡ್ಡನ್ನು ಟ್ರಂಕಿನಲ್ಲಿಟ್ಟೆ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಸೋಪಿನಿಂದ ಹಿಡಿದು ಪೆನ್ಸಿಲ್‌ವರೆಗೆ ಸಿಸ್ಟರ್ ಕೊಡುತ್ತಿದ್ದರು. ಹದಿನೇಳು ವರ್ಷದವರೆಗೆ ನಾನು ಐವತ್ತು ರೂಪಾಯಿಗೆ ಚಿಲ್ಲರೆ ಎಣಿಸಿ ಇಸಕೊಂಡವಳಲ್ಲ. ಟ್ರಂಕು ತೆರೆದಾಗಲೆಲ್ಲ ದುಡ್ಡು ಕಾಣುತ್ತಿತ್ತು, ಕಂಡಾಗಲೆಲ್ಲ ಬೇಕಾದಷ್ಟಿದೆ ಅನ್ನಿಸುತ್ತಿತ್ತು. ಮುನ್ನೂರ ನಲವತ್ತರ ಶೂ ಕೊಂಡೆ, ಯಾಕೆಂದರೆ ನನ್ನ ಚಪ್ಪಲಿ ನೋಡಿ ಒಬ್ಬಳು ನಕ್ಕಳು. ನಕ್ಕಳು ಅಂತ ನಾನಂದುಕೊಂಡೆ. ರೂಮ್‌ಮೇಟ್ ಒಬ್ಬಳಿಗೆ ಐನೂರು ಸಾಲ ಕೊಟ್ಟೆ, ಅವಳು ಕಾಲೇಜೇ ಬಿಟ್ಟು ಹೋದಳು. ಹೋಟೆಲು, ಫೋಟೊ, ಗೆಳತಿ ರುಹಿಯ ಬರ್ತ್‌ಡೇ. ಉಳಿದದ್ದು ಹೇಗೆ ಹೋಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಹೆಚ್ಚು ನಾಚಿಕೆಯಾಗುವುದು ಅದಕ್ಕೇ. ದಸರಾ ಕಳೆಯುವ ಹೊತ್ತಿಗೆ ಟ್ರಂಕಿನಲ್ಲಿ ಎಪ್ಪತ್ತು ರೂಪಾಯಿ ಇತ್ತು. ಆಗ ‘ಫೀ ಹೆಚ್ಚಾಗಿದೆ, ಇನ್ನೆರಡು ಸಾವಿರ ಬೇಕು’ ಎಂದು ಬರೆದೆ.

ನಿಮಗೆ ನೆನಪಿದೆಯಾ ಅತ್ತೆ, ನಾನು ಒಂಬತ್ತು ವರ್ಷದವಳಿದ್ದಾಗ ನೀವು ಮಠಕ್ಕೆ ಹೋದ ಸಮಯ ನೋಡಿ ಅಟ್ಟ ಹತ್ತಿ, ಒಂದು ಕಾಯಿ ಕೆಳಕ್ಕುರುಳಿಸಿ, ಮಚ್ಚಿನಲ್ಲಿ ಕೊಚ್ಚಿ ಒಡೆದಿದ್ದೆ. ಕೊಬ್ಬರಿ ತಿನ್ನುವ ಆಸೆ. ಒಳಗೆ ಹುಳಿ ವಾಸನೆಯ ಅರ್ಧ ನೀರು, ಚಿಪ್ಪಿಗೆ ಕಚ್ಚಿಕೊಂಡ ತಿರುಳು. ನೀವು ಬಂದು ಹೊಡೆಯುತ್ತೀರಿ ಎಂದುಕೊಂಡಿದ್ದೆ. ನೀವು ಆ ಹೋಳನ್ನು ನನ್ನ ಮೂಗಿಗೆ ಹಿಡಿದು, ‘ಮೂಸು. ಇದು ಈಗ ಎಳನೀರೂ ಅಲ್ಲ, ಕೊಬ್ರೀನೂ ಅಲ್ಲ. ಇನ್ನು ನಾಕು ತಿಂಗ್ಳು ಸುಮ್ಕೆ ಬುಟ್ಟಿದ್ರೆ ಒಳಗೇ ಚಿಪ್ಪು ಬುಟ್ಕೊಂಡು ಗಡಗಡ ಅಂತಿತ್ತು. ನೀನೇ ತಿಂದ್ ಮುಗ್ಸು ಈಗ’ ಅಂದಿರಿ. ಅಳುತ್ತಾ ತಿಂದೆ. ಆಮೇಲೆ ಅಟ್ಟದ ಮೇಲೆ ಕೂರಿಸಿಕೊಂಡು ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿಂಗಳುಗಳನ್ನು ತೋರಿಸಿದಿರಿ: ಈ ರಾಶಿ ಮಾಘದ್ದು, ಇದು ಚೈತ್ರದ್ದು, ಒಂದರ ಕಾಯಿ ಇನ್ನೊಂದಕ್ಕೆ ಸೇರಬಾರದು, ಇದು ಅಡುಗೆಗೆ, ಇದು ಮಂಡಿಗೆ, ಇದನ್ನು ಯಾರು ಕೇಳಿದರೂ ಮುಟ್ಟುವಂತಿಲ್ಲ. ನನಗೆ ಈಗ ಬೇಕಾಗಿದ್ದ ಪಾಠ ಅಷ್ಟೇ. ಆಗಲೇ ಹೇಳಿಕೊಟ್ಟಿದ್ದಿರಿ. ಟ್ರಂಕಿಗೆ ತೊಲೆಯಿಲ್ಲ ಅಂತ ಮರೆತಿದ್ದೆ.

ನೆನಪಿಸಿದವಳು ರಂಗಕ್ಕ. ನಮ್ಮ ಮೆಸ್ಸಿನ ಅಡುಗೆಯವಳು, ಹುಳಿಯಾರಿನ ಕಡೆಯವಳು. ನನ್ನ ಮಾತು ಕೇಳಿ ‘ನಮ್ ಸೀಮೆ ಕೂಸು’ ಎಂದು ಗುರುತು ಹಿಡಿದಿದ್ದಳು. ಸುಳ್ಳು ಕಾಗದ ಹಾಕಿ ಬಂದ ದಿನ ಬಚ್ಚಲಿನ ಹಿಂದೆ ಅಳುತ್ತಿದ್ದಾಗ ಸಿಕ್ಕಿಬಿದ್ದೆ. ಎಲ್ಲ ಹೇಳಿದೆ. ಆಕೆ ಸಮಾಧಾನವನ್ನೇನೂ ಮಾಡಲಿಲ್ಲ. ‘ಅಲ್ಲ ಕಣೇ ಇಂಗ್ಲೀಸು, ಓದ್‌ಬರ್ದೀಯ, ದುಡ್ಡು ಎಲ್ಲೋಯ್ತು ಅಂತ ಗೊತ್ತಿಲ್ವಾ? ಹೆಬ್ಬೆಟ್ಟೊತ್ತೋಳು ನಾನು, ನನ್ನ ಪಾಸ್‌ಬುಕ್ಕಲ್ಲಿ ಎಷ್ಟೈತೆ ಅಂತ ನಿದ್ದೇಲಿ ಎಬ್ಬಿಸಿ ಕೇಳು’ ಅಂದಳು. ಮಾರನೆಯ ದಿನ ಪೋಸ್ಟಾಫೀಸಿಗೆ ಕರೆದುಕೊಂಡು ಹೋದಳು. ಕೌಂಟರಿನ ಮುಂದೆ ನನ್ನನ್ನು ತಳ್ಳಿ, ‘ಸಾರ್, ಈ ಹುಡುಗೀಗೆ ಏನೂ ಗೊತ್ತಿಲ್ಲ, ಹೇಳ್ಕೊಡಿ’ ಎಂದು ಇಡೀ ಪೋಸ್ಟಾಫೀಸಿಗೆ ಕೇಳುವಂತೆ ಹೇಳಿದಳು. ಕಿವಿ ಬಿಸಿಯಾಯಿತು. ಆದರೆ ಗುಮಾಸ್ತರು ನಗಲಿಲ್ಲ ಅತ್ತೆ. ಎರಡೇ ನಿಮಿಷದಲ್ಲಿ ಹೇಳಿಕೊಟ್ಟರು. ಮೂರು ತಿಂಗಳು ಹೆದರಿದ್ದು ಆ ಎರಡು ನಿಮಿಷಕ್ಕೆ. ತಿಂಗಳಿಗೆ ಐವತ್ತರ ಆರ್.ಡಿ. ಮಾಡಿಸಿದ್ದೇನೆ. ಐದು ವರ್ಷ ಕಟ್ಟಬೇಕು. ನನ್ನ ಅಟ್ಟ ಅದು.

ಆಮೇಲೆ ಪ್ರಿನ್ಸಿಪಾಲರ ಹತ್ತಿರವೂ ಹೋದೆ. ಫೀ ಇರುವುದು ಸಾವಿರದ ಎಂಟುನೂರೇ. ಮೂರು ಕಂತು ಮಾಡಿಕೊಟ್ಟರು. ಸಂಜೆ ಎರಡು ಮನೆಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಒಂದರಲ್ಲಿ ಇನ್ನೂರೈವತ್ತು, ಇನ್ನೊಂದರಲ್ಲಿ ಮುನ್ನೂರು. ಹಾಸ್ಟೆಲಿನ ಹುಡುಗಿಯರ ಸೀರೆಗೆ ಫಾಲ್ಸ್ ಹೊಲಿದರೆ ತಿಂಗಳಿಗೆ ನೂರಿಪ್ಪತ್ತು. ಅಮ್ಮಿ ಕಲಿಸಿದ ಕೈಹೊಲಿಗೆ ಇಲ್ಲಿ ಕೆಲಸಕ್ಕೆ ಬಂತೆಂದು ಅವಳಿಗೆ ಹೇಳಿ, ಅಳುತ್ತಿದ್ದರೆ ಈ ಮಾತಿಗೆ ನಗುತ್ತಾಳೆ. ಶೂ ಇನ್ನೂರಕ್ಕೆ ಮಾರಿದೆ. ಶುಕ್ರವಾರ ಮೊದಲ ಕಂತು ಕಟ್ಟಿದ್ದೇನೆ. ಸುಳ್ಳು ಹೇಳಿದವಳ ಮಾತಿಗೆ ಸಾಕ್ಷಿ ಬೇಕಲ್ಲ, ರಸೀದಿ ಇದರೊಳಗೇ ಇದೆ. ಕಾಲೇಜಿನ ಸೀಲು ನೋಡಿಕೊಳ್ಳಿ.

ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ಅಮ್ಮಿ ಕಳಿಸುವ ತಿಂಗಳ ನೂರು ರೂಪಾಯಿಯೂ ಬೇಡ ಎಂದು ಬರೆಯುವ ಮನಸ್ಸಿತ್ತು. ಚೆನ್ನಾಗಿ ಕಾಣುತ್ತಿತ್ತು. ಆದರೆ ಅದು ಇನ್ನೊಂದು ಸುಳ್ಳು. ಮಾರ್ಚ್ ತನಕ ಆ ನೂರು ಬೇಕು. ಏಪ್ರಿಲ್‌ನಿಂದ ಬೇಡ. ಈಗ ಪ್ರತಿದಿನ ಮಲಗುವ ಮುಂಚೆ ಹತ್ತು ಪೈಸೆಯನ್ನೂ ಬರೆದಿಡುತ್ತೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ.

ಮೊನ್ನೆವರೆಗೂ ಸದ್ದಿಲ್ಲದೆ ಫೀ ಕಟ್ಟಿ, ‘ಕಾಲೇಜಿನವರು ಕಡಿಮೆ ಮಾಡಿದರು’ ಎಂದು ಬರೆದು ತಪ್ಪಿಸಿಕೊಳ್ಳುವ ಯೋಚನೆಯಿತ್ತು. ಅಷ್ಟರಲ್ಲಿ ಕಾಡಸಿದ್ದಪ್ಪನ ಹೆಸರು ಬಂತು. ಕಾಯಿ ಮಾರ್ಚಿಗೆ ಮುಂಚೆ ಒಡೆದರೆ ಏನಾಗುತ್ತದೆ ಎಂಬುದರ ರುಚಿ ನನ್ನ ನಾಲಿಗೆಯ ಮೇಲಿದೆ. ಮಂಡಿಯಲ್ಲಿ ಅದನ್ನು ಉಂಡೆ ಕೊಬ್ಬರಿ ಎಂದು ಯಾರೂ ತೂಗುವುದಿಲ್ಲ, ಅರ್ಧ ರೇಟಿಗೆ ಎಣ್ಣೆಗೆ ಹಾಕುತ್ತಾರೆ. ನನ್ನ ಶೂ, ನನ್ನ ಹೋಟೆಲು, ಅದಕ್ಕಾಗಿ ಅಮ್ಮಿ ಇನ್ನೆಷ್ಟು ವರ್ಷ ಬಾಡಿಗೆ ಮಷಿನ್ ತುಳಿಯಬೇಕು? ಅದು ಆಗಕೂಡದು. ಅಂಗಡಿಯ ಫೋನಿಗೆ ಮಾಡೋಣವೆಂದರೆ ಊರಿಗೆಲ್ಲ ಸುದ್ದಿ. ನಾನೇ ಬರೋಣವೆಂದರೆ ಬುಧವಾರದಿಂದ ಟೆಸ್ಟು.

ಅತ್ತೆ, ಅಮ್ಮಿಯ ಹಟ ನಿಮಗೆ ಗೊತ್ತು. ಇದನ್ನೆಲ್ಲ ಕೇಳಿದ ಮೇಲೂ ‘ಇರಲಿ, ಒಡೆದು ಬಿಡೋಣ, ಕೂಸು ಕಷ್ಟ ಪಡ್ತಾಳೆ’ ಅನ್ನುತ್ತಾಳೆ. ಅವಳ ಹತ್ತಿರ ಅಟ್ಟವಿಲ್ಲ, ಏಣಿಯೂ ಇಲ್ಲ. ಏಣಿ ನಿಮ್ಮದು. ಸೋಮವಾರ ಅದನ್ನು ಕೊಡಬೇಡಿ. ಬಯ್ದರೆ ಬಯ್ಯಿಸಿಕೊಳ್ಳಿ. ಕಾಡಸಿದ್ದಪ್ಪನಿಗೆ ಕಾಫಿ ಕೊಟ್ಟು ಕಳಿಸಿ.

ಮಾರ್ಚಿನಲ್ಲಿ ನಾನು ಬರುತ್ತೇನೆ. ಒಂದೊಂದು ಕಾಯಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿ ಇಳಿಸೋಣ. ಮಂಡಿಗೆ ಅಮ್ಮಿಯೇ ಬರಲಿ, ತೂಕ ಅವಳ ಕಣ್ಣೆದುರು ಆಗಲಿ, ದುಡ್ಡು ಅವಳ ಕೈಗೇ ಬರಲಿ. ಮಷಿನ್ ಕೊಂಡು ಉಳಿದದ್ದಕ್ಕೆ ಪೋಸ್ಟಾಫೀಸಿನ ಫಾರಂ ತುಂಬಿಸಿ ರಸೀದಿಯ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಅವಳು ಉರ್ದುವಿನಲ್ಲೇ ಸಹಿ ಹಾಕಬಹುದು, ಕೇಳಿಕೊಂಡಿದ್ದೇನೆ. ಈ ಸಲ ಕೇಳಲು ಹೆದರಲಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಎದುರಿಗೇ ಬಯ್ಯಿರಿ, ಹೋಳನ್ನು ಮೂಗಿಗೆ ಹಿಡಿದರೂ ಸರಿ. ನಿಮ್ಮ ಮೊಣಕಾಲು ನೋವು ಕಡಿಮೆಯಾಗಲಿ. ನಿಮ್ಮಿಬ್ಬರ ಜಗುಲಿ ಯಾವತ್ತೂ ಬರಿದಾಗದಿರಲಿ.

ನಿಮ್ಮ ಮನೆಯ ಅಟ್ಟದ ಋಣದವಳು,
ನೂರೈನ್

ಈ ಕಾಗದ ಸಿಕ್ಕಿದ ದಿನವೇ ಒಂದು ಕಾರ್ಡು ಹಾಕಿ ಅತ್ತೆ. ಹೆಚ್ಚು ಬರೆಯಬೇಡಿ, ಏಣಿ ಎಲ್ಲಿದೆ ಎಂದು ಬರೆದರೆ ಸಾಕು.